ಬೇಗ ಪಟ್ಟಿ ಕಟ್ಟಿ

ಚಿಕ್ಕಿ ಎಂಬ ಹೆಸರಿನ ನಮ್ಮ ಅಜ್ಜಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ನೋವಾದಾಗ ಮಾತ್ರ ಬರುವುದಿಲ್ಲ.

ಮಲಯಾಳ ಸೀಮೆಯ ಮುಳ್ಳನ್ಕೊಲ್ಲಿಯ ತೋಟದಲ್ಲಿ ಮೆಣಸು ಕೊಯ್ಯುವಾಗ ಬೇಲಿಯ ತಂತಿ ತಾಗಿ ಅವಳ ಮೀನಖಂಡ ಸೀಳಿತ್ತು. ಮೂರು ದಿನ ಸೀರೆಯ ಚೂರು ಸುತ್ತಿಕೊಂಡೇ ಕೆಲಸಕ್ಕೆ ಹೋದಳು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ಹೋಗಿ ಬರುವ ದಿನ ಪುಕ್ಕಟೆಯಲ್ಲ. ನಾಲ್ಕನೆಯ ದಿನ ಕಾಲು ಬಾಳೆದಿಂಡಿನಂತೆ ಊದಿದಾಗ ಮೇಸ್ತ್ರಿ ಕರುಣಾಕರನ್ ಹೇಳಿದರು, "ಹೋಗಿ ಬಾ. ಹನ್ನೆರಡರೊಳಗೆ ಬಂದ್ರೆ ಅರ್ಧ ಕೂಲಿ. ಆಮೇಲೆ ಬಂದ್ರೆ ಏನೂ ಇಲ್ಲ."

ಅಜ್ಜಿ ನನ್ನನ್ನೂ ಕರೆದುಕೊಂಡು ಹೋದಳು. ಮಾತಾಡಲು ಅಲ್ಲ, ಕೊಡೆ ಹಿಡಿಯಲು. ಹೊರಗಿನವರೆದುರು ನಾನು ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತು.

ಒಂಬತ್ತಕ್ಕೆ ನಮ್ಮ ಮುಂದೆ ಅರವತ್ತು ಜನ. ಹತ್ತೂವರೆಗೆ ನಲವತ್ತು. ಅಜ್ಜಿ ಗೋಡೆಯ ಗಡಿಯಾರ ನೋಡಿದಳು, ಸೀದಾ ಶ್ಯಾಮಳ ಸಿಸ್ಟರ್ ಮೇಜಿಗೆ ಕುಂಟಿಕೊಂಡು ಹೋಗಿ ಕಾಲೆತ್ತಿ ತೋರಿಸಿದಳು.

"ಪಟ್ಟಿ ಕಟ್ಟಿ ಸಿಸ್ಟರೇ! ಬೇಗ ಪಟ್ಟಿ ಕಟ್ಟಿ!"

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಅವಳ 'ಕಟ್ಟಿ' ಅವರ ಕಿವಿಗೆ 'ಕಡಿ' ಎಂದು ಬಿದ್ದರೆ, ಕಚ್ಚುವುದು.

"ಪಟ್ಟಿ ಕಡಿಚ್ಚೋ?" ಸಿಸ್ಟರ್ ಎದ್ದೇ ನಿಂತರು.

ನಾಯಿ ಕಚ್ಚಿದವರಿಗೆ ಅಲ್ಲಿ ಸಾಲಿಲ್ಲ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿಕೊಂಡು ಹೋದರು. "ನೋಡ್ದಾ ಮಗಾ, ಬಾಯಿ ಇರಬೇಕು" ಎಂದಳು ಅಜ್ಜಿ, ಮೆರವಣಿಗೆ ಹೊರಟವಳಂತೆ.

ಸಿಸ್ಟರಿಗೆ ನಮ್ಮ ಭಾಷೆ ಅರ್ಧಂಬರ್ಧ ಬರುತ್ತಿತ್ತು. ಸೋಪು ಹಾಕಿ ಗಾಯ ತೊಳೆಯುತ್ತಾ ಕೇಳಿದರು, "ಪಟ್ಟಿ ಯಾವ ಬಣ್ಣ, ಅಮ್ಮೂಮ್ಮೇ?"

"ಬಿಳೀದು."

"ಈಗ ಎಲ್ಲಿದೆ?"

"ನಿಮ್ಮ ಅಲಮಾರಿಲೇ ಇರ್ತದಲ್ಲ!"

ಸಿಸ್ಟರ್ ಅಲಮಾರಿಯಿಂದ ಒಂದು ಹೆಜ್ಜೆ ದೂರ ಸರಿದರು. "ಮನೇದಾ, ಬೀದೀದಾ?"

"ಸರ್ಕಾರದ್ದು!"

ಜ್ವರ ತಲೆಗೇರಿದೆ ಎಂದುಕೊಂಡಿರಬೇಕು, ಮತ್ತೇನೂ ಕೇಳದೆ ಕಾರ್ಡು ತೆಗೆದರು. "ಇವತ್ತು ಒಂದು ಸೂಜಿ. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಮತ್ತೆ ಬರಬೇಕು."

ಅಜ್ಜಿ ಬೆರಳು ಮಡಚಿದಳು. "ಒಂದು ಪಟ್ಟಿಗೆ ನಾಕು ದಿನಾನಾ? ಕೂಲಿ ಬಿಟ್ಟು ನಾನೇನು ಸೂಜಿ ತಿನ್ಲಾ? ಕಾಲು ಕೊಳೀಲಿ. ನಡಿ ಮಗಾ." ಕುರ್ಚಿಯಿಂದ ಇಳಿದು, ನೀರು ಸೋರುವ ಕಾಲಿನಲ್ಲೇ ಬಾಗಿಲಿಗೆ ನಡೆದಳು.

ಅವಳು ಒಮ್ಮೆ ಹೊರಟರೆ ಮತ್ತೆ ಬರುವವಳಲ್ಲ. ಕೆಂಪಾಗಿ ಬಿರಿದ ಆ ಗಾಯ ನನಗೆ ಕಾಣುತ್ತಿತ್ತು.

"ಪಟ್ಟಿ ಇಲ್ಲ ಸಿಸ್ಟರೇ! ತುಣಿ! ತುಣಿ ಕೆಟ್ಟಣಂ!"

ನಾಯಿಯಿಲ್ಲ, ಬಟ್ಟೆ ಕಟ್ಟಬೇಕು ಎಂದು ಹೇಳಿದ್ದು ನಾನೇ. ಹೊರಗಿನ ಸಾಲೆಲ್ಲ ತಿರುಗಿತು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಅಜ್ಜಿ.

ಸಿಸ್ಟರ್ ನಕ್ಕು ನಕ್ಕು ಆ ಗಾಲಿಕುರ್ಚಿಯಲ್ಲೇ ಕುಸಿದರು. "ಹಾಗಾದ್ರೆ ಸಾಲಿನ ಹಿಂದೆ ಹೋಗ್ಲಿ!" ಎಂದು ಬಾಗಿಲಿನಿಂದ ಒಬ್ಬರು ಕೂಗಿದರು. "ತೊಳೆದ ಗಾಯ ಸಾಲಲ್ಲಿ ನಿಲ್ಲಲ್ಲ" ಎಂದು ಸಿಸ್ಟರ್ ಡಾಕ್ಟರನ್ನು ಕರೆದರು. ಒಂದೇ ಸೂಜಿ, ಒಂದಿಷ್ಟು ಮಾತ್ರೆ, ಮೊಳದುದ್ದ ಬಿಳಿ ಬಟ್ಟೆ.

"ಇದನ್ನ ಬಿಚ್ಚಿ ಕಟ್ಟೋಕೆ ಬುಧವಾರ ಬರಬೇಕಲ್ಲ?" ಎಂದರು ಸಿಸ್ಟರ್.

"ಬರಲ್ಲ" ಎಂದಳು ಅಜ್ಜಿ.

"ಬೇಡ. ನಾನೇ ನಿಮ್ಮ ತೋಟದ ಎದುರಿನ ಅಂಗನವಾಡಿಗೆ ಬರ್ತೇನೆ, ಮಕ್ಕಳಿಗೆ ಸೂಜಿ ಹಾಕೋಕೆ. ಚಾಯ ಕುಡಿಯೋ ಹೊತ್ತಿಗೆ ಓಡಿ ಬಾ."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಜ್ಜಿ ತೋಟ ಸೇರಿ, ಬಳ್ಳಿಯಡಿ ಕೂತು ಉದುರಿದ ಮೆಣಸು ಆಯತೊಡಗಿದಳು. ಅರ್ಧ ಕೂಲಿ ಉಳಿಯಿತು.

ಬುಧವಾರ ಅಂಗನವಾಡಿಯ ಪುಟ್ಟ ಕುರ್ಚಿಯಲ್ಲಿ, ಅಳುವ ಮಕ್ಕಳ ನಡುವೆ ಕೂತು ಅವಳೂ ಜೋರಾಗಿ ಅತ್ತಳು. ನೋವಿಗಲ್ಲ. ಅತ್ತವರಿಗೆ ಮಿಠಾಯಿ ಕೊಡುತ್ತಿದ್ದರು.