ಇನ್ನೆರಡು ಸಾಲು

ಲಕ್ಷ್ಮೀದೇವಮ್ಮ ಹಿಡಿದ ಕೆಲಸ ಬಿಟ್ಟವಳಲ್ಲ. ಒಂದು ಸ್ವೆಟರ್ ಕಡ್ಡಿಗೆ ಏರಿತೆಂದರೆ ಅದು ಮುಗಿದು, ಗುಂಡಿ ಹೊಲಿದು, ಯಾರಿಗೆ ಸೇರಬೇಕೋ ಅವರ ಕೈ ಸೇರುವವರೆಗೆ ಇನ್ನೊಂದು ಉಂಡೆ ಉಲ್ಲನ್ನಿನ ಕಾಗದವನ್ನು ಬಿಚ್ಚುತ್ತಿರಲಿಲ್ಲ. ಬೆಳ್ಳಾವಿಯಿಂದ ಗುಬ್ಬಿಯ ಸ್ಟೇಷನ್ ರಸ್ತೆಯ ಆ ಮನೆಗೆ ಹಿರಿಯ ಸೊಸೆಯಾಗಿ ಬಂದ ಮೇಲೆ ಅವಳು ಹೆಣೆದ ಸ್ವೆಟರುಗಳೇ ಮೂವತ್ತಕ್ಕೆ ಮೇಲಿದ್ದವು. ಅವುಗಳಲ್ಲಿ ಒಂದರ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ. ಕೊಟ್ಟ ದಿನ "ಚೆನ್ನಾಗದೆ ಕಣಮ್ಮ" ಅಂದರು, ತೊಟ್ಟರು, ಅಲ್ಲಿಗೆ ಮುಗಿಯಿತು.

ಓರಗಿತ್ತಿ ರೇವಮ್ಮನ ವಿಷಯವೇ ಬೇರೆ. ಎಮರ್ಜೆನ್ಸಿ ಬಂದ ವರ್ಷ ಅವಳು ಕುಣಿಗಲ್ಲಿನಿಂದ ಮೈದುನ ಕೆಂಪಯ್ಯನ ಕೈಹಿಡಿದು ಬಂದಳು. ಬರುವಾಗ ಒಂದು ತಗಡಿನ ಟ್ರಂಕಿನ ತುಂಬ ಅರ್ಧಂಬರ್ಧ ಕೆಲಸಗಳನ್ನು ಹೊತ್ತು ತಂದಳು. ಒಂದು ತೋಳಿನ ಸ್ವೆಟರು, ಎರಡೇ ನವಿಲಿನ ಕಸೂತಿ ದಿಂಬಿನ ಚೀಲ, ಹಿಡಿಯಿಲ್ಲದ ವೈರ್ ಬ್ಯಾಗು, ಬಾಗಿಲಿನ ಮುಕ್ಕಾಲಿಗೆ ನಿಂತ ಉಲ್ಲನ್ ತೋರಣ. ಬಂದ ಮೇಲೆ ಅವು ಕಡಿಮೆಯಾಗುವುದಿರಲಿ, ಹೆಚ್ಚಾದವು. ಬೆಳಿಗ್ಗೆ ಕ್ರೋಷಾ ಹಿಡಿದವಳು ಮಧ್ಯಾಹ್ನಕ್ಕೆ ಕಸೂತಿಗೆ ಕೈಹಾಕುತ್ತಿದ್ದಳು. ಸಂಜೆ ಯಾರೋ ಬಂದು "ನಂಗೊಂದು ಟೋಪಿ ಹೆಣಕೊಡವ್ವ" ಅಂದರೆ ಅವರ ಮುಂದೆಯೇ ಹೊಸ ಕುಣಿಕೆ ಎತ್ತುತ್ತಿದ್ದಳು. ಇಲ್ಲವೆನ್ನುವುದು ಅವಳಿಗೆ ಬಾರದು. ಯಾವಾಗ ಮುಗಿಯುತ್ತದೆಂದು ಕೇಳಿದರೆ ಒಂದೇ ಉತ್ತರ.

"ಇನ್ನೆರಡು ಸಾಲು ಕಣಕ್ಕಾ."

ಆ ಎರಡು ಸಾಲು ವರ್ಷವಾದರೂ ಮುಗಿಯುತ್ತಿರಲಿಲ್ಲ. ಯಾರಿಗೂ ಅದರಿಂದ ಬೇಸರವಿರಲಿಲ್ಲ. ಅಂಚೆಯ ಕಾಳಯ್ಯ ಮೂರು ಚಳಿಗಾಲದಿಂದ ತನ್ನ ಸ್ವೆಟರಿಗೆ ಕಾಯುತ್ತಿದ್ದ. ಕಾಗದವಿರಲಿ ಇಲ್ಲದಿರಲಿ, ಸೈಕಲ್ ನಿಲ್ಲಿಸಿ, "ಏನ್ ರೇವಮ್ಮೋರೇ, ನಾನು ಪೆನ್ಷನ್ ತಗಳೋ ಹೊತ್ಗಾದ್ರೂ ತೋಳು ಬರ್ತದಾ?" ಎಂದು ಕೇಳುತ್ತಿದ್ದ. ಅವಳು ನಕ್ಕು ಹೆಣಿಗೆಯನ್ನು ಅವನ ಬೆನ್ನಿಗೆ ಹಿಡಿದು ಅಳತೆ ನೋಡುತ್ತಿದ್ದಳು. ಇಬ್ಬರ ನಗು ಅಡುಗೆಮನೆಗೆ ಕೇಳಿಸುತ್ತಿತ್ತು. ಒಲೆಯ ಮುಂದಿದ್ದ ಲಕ್ಷ್ಮೀದೇವಮ್ಮನಿಗೆ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು. ಅದೇ ಕಾಳಯ್ಯನಿಗೆ ಹಿಂದೆ ಅವಳು ಕಿವಿ ಮುಚ್ಚುವ ಟೋಪಿ ಹೆಣೆದು ಕೊಟ್ಟಿದ್ದಳು, ಕೇಳಿದ ಹತ್ತನೆಯ ದಿನಕ್ಕೆ. ಅವನು ಅದನ್ನು ಹಾಕಿಕೊಂಡೇ ನಿಂತು ರೇವಮ್ಮನ ಹತ್ತಿರ ಹಲ್ಲು ಕಿಸಿಯುತ್ತಿದ್ದ.

ಪರರ ಮಾತು ಹಾಗಿರಲಿ, ಸ್ವಂತ ಮಗಳೇ ಒಂದು ದಿನ ಅಮ್ಮ ಹೆಣೆದ ಸ್ವೆಟರನ್ನು ಪಕ್ಕಕ್ಕೆ ತಳ್ಳಿದಳು. "ಇದು ಬ್ಯಾಡ. ಚಿಕ್ಕಮ್ಮ ಮೊಲ ಇರೋದು ಹಾಕ್ಕೊಡ್ತಾಳೆ" ಎಂದಳು.

"ಎಲ್ಲೇ ಅದೆ ಮೊಲ? ಕಿವಿ ಮಾತ್ರ ಅದೆ!"

"ಕಿವಿ ಬಂದ್ಮೇಲೆ ಮೊಲ ಬರಲ್ವಾ?" ಎಂದು ಮಗಳು ಕೇಳಿದಳು. ಅತ್ತೆ ನಿಂಗಮ್ಮ ಜಗಲಿಯ ಮೇಲೆ ಕುಳಿತು ನಕ್ಕುಬಿಟ್ಟಳು. "ಅವಳ ಕೈಲಿ ಅದೇನೋ ಒಂದು ಅದೆ ಬುಡು" ಎಂದಳು. ತನ್ನ ಕೈಯಲ್ಲಿ ಏನಿಲ್ಲವೆಂದು ಲಕ್ಷ್ಮೀದೇವಮ್ಮ ಅತ್ತೆಯನ್ನು ಕೇಳಲಿಲ್ಲ. ಆದರೆ ಅದು ಅವಳಿಗೇ ಗೊತ್ತಿತ್ತು. ಅವಳ ಕೈ ಬಿಗಿ. ಕುಣಿಕೆಗಳೆಲ್ಲ ಸಾಲಾಗಿ, ಗಟ್ಟಿಯಾಗಿ, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತಿದ್ದವು. ರೇವಮ್ಮನದು ಸಡಿಲ ಕೈ. ಅವಳ ಹೆಣಿಗೆ ಹಾಲಿನ ಕೆನೆಯಂತೆ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಮುಗಿಯದಿದ್ದರೂ ಜನ ಅದನ್ನು ಸವರಿ ನೋಡುತ್ತಿದ್ದರು.

ರೇವಮ್ಮನಿಗೊಂದು ರೂಢಿ ಇತ್ತು. ಯಾವ ಕೆಲಸ ಯಾರಿಗೆ ಎಂದು ಚೀಟಿ ಬರೆಯುತ್ತಿರಲಿಲ್ಲ. ಅವರ ಬಟ್ಟೆಯದೇ ಒಂದು ಉಗುರಗಲ ಚೂರನ್ನು ಹೇಗಾದರೂ ಸಂಪಾದಿಸಿ ಕೆಲಸದ ಮೂಲೆಗೆ ಕಟ್ಟುತ್ತಿದ್ದಳು. ಕಾಳಯ್ಯನ ಸ್ವೆಟರಿಗೆ ಖಾಕಿ. ಮೊಲದ ಸ್ವೆಟರಿಗೆ ಸ್ಕೂಲಿನ ನೀಲಿ ಲಂಗದ್ದು. ಅತ್ತೆಯ ಕಾಲುಚೀಲಕ್ಕೆ ಕೆಂಪು ಸೀರೆಯ ಅಂಚು. "ಚೀಟಿ ಕಳೆದೋಗ್ತದೆ. ಬಟ್ಟೆ ಆದ್ರೆ ಅವರ ಮೈದೇ ಅಲ್ವಾ" ಎನ್ನುತ್ತಿದ್ದಳು.

ಟ್ರಂಕಿನ ಮುಚ್ಚಳ ತೆರೆದಾಗಲೆಲ್ಲ ಲಕ್ಷ್ಮೀದೇವಮ್ಮನ ಕಣ್ಣು ಆ ಚೂರುಗಳ ಮೇಲೆ ಹೋಗುತ್ತಿತ್ತು. ಊರಿಗೆಲ್ಲ ಒಂದೊಂದು ಇತ್ತು. ತನ್ನದು ಮಾತ್ರ ಇರಲಿಲ್ಲ. ಬೇಕೆಂದು ಬಾಯಿಬಿಟ್ಟು ಕೇಳುವವಳಲ್ಲ ಅವಳು. ಮೂವತ್ತು ಸ್ವೆಟರ್ ಹೆಣೆದವಳು ಕಿರಿಯವಳ ಮುಂದೆ ಕೈಚಾಚುವುದೆ? ಆದರೂ ತಾನಾಗಿಯೇ ರೇವಮ್ಮ ಒಂದು ಚೂರು ಕಟ್ಟಿಯಾಳೆಂದು ಐದು ವರ್ಷ ಕಾದಳು.

ಐದನೆಯ ವರ್ಷ ಶ್ರಾವಣದಲ್ಲಿ ರೇವಮ್ಮ ತುಮಕೂರಿಗೆ ಹೋಗಿ ಮಂಡಿಪೇಟೆಯಿಂದ ಬದನೆಹೂವಿನ ಬಣ್ಣದ ಉಲ್ಲನ್ ತಂದು ಶಾಲು ಎತ್ತಿದಳು. ಅಂಥ ಬಣ್ಣ ಗುಬ್ಬಿಯಲ್ಲಿ ಯಾರೂ ಕಂಡಿರಲಿಲ್ಲ. ಅಂಚಿಗೆ ಹುಣಸೆ ಎಲೆಯ ಸಾಲಿನಂತೆ ಸಣ್ಣ ಸಣ್ಣ ತೂತು ಬಿಟ್ಟು ಹೆಣೆಯುತ್ತಿದ್ದಳು. ವಾರ ಕಳೆದ ಮೇಲೆ ಅದರ ಮೂಲೆಯಲ್ಲಿ ನವಿಲುಬಣ್ಣದ ಬಟ್ಟೆಯ ಚೂರೊಂದು ಕಾಣಿಸಿತು.

ನವಿಲುಬಣ್ಣ! ಲಕ್ಷ್ಮೀದೇವಮ್ಮ ತಟ್ಟನೆ ಅರ್ಥಮಾಡಿಕೊಂಡಳು. ಎದುರು ಮನೆಯ ನರಸಿಂಹಮ್ಮ ಪ್ರೈಮರಿ ಸ್ಕೂಲಿನ ಮೇಡಂ. ಅವಳು ಸೋಮವಾರ ಉಡುವುದು ನವಿಲುಬಣ್ಣದ ಸೀರೆ. ಮೊನ್ನೆ ಮೊನ್ನೆ ಈ ಬೀದಿಗೆ ಬಂದವಳು. ಅವಳಿಗೆ ಶಾಲು!

"ಯಾರ್ಗೆ ಇದು?" ಎಂದು ಕೇಳಿಯೂ ಬಿಟ್ಟಳು.

"ಹೇಳಲ್ಲ ಬುಡಕ್ಕಾ. ಮುಗಿದ್ಮೇಲೆ ನೀನೇ ನೋಡ್ತೀಯಂತೆ."

"ನೀನು ಮುಗಿಸೋದ್ನ ನೋಡಕ್ಕೆ ನಾನು ಇನ್ನೊಂದು ಜನ್ಮ ಎತ್ಬೇಕು."

"ಇಲ್ಲ ಕಣಕ್ಕಾ, ಇದೊಂದನ್ನ ಮುಗಿಸ್ತೀನಿ" ಎಂದು ರೇವಮ್ಮ ನಗದೆ ಹೇಳಿದಳು. ಅವಳು ನಗದೆ ಹೇಳಿದ್ದೇ ಲಕ್ಷ್ಮೀದೇವಮ್ಮನನ್ನು ಹೆಚ್ಚು ಚುಚ್ಚಿತು.

ಮಾತಿನಂತೆ ಶಾಲು ಬೆಳೆಯಿತು. ಉಳಿದ ಕೆಲಸಗಳೆಲ್ಲ ಟ್ರಂಕಿನಲ್ಲಿ ಮಲಗಿದವು. ಬದನೆಹೂವಿನ ಬಣ್ಣ ಮಾತ್ರ ವಾರಕ್ಕೆ ನಾಲ್ಕು ಬೆರಳು ಕೆಳಗಿಳಿಯುತ್ತಿತ್ತು. ರೇವಮ್ಮ ಅಣ್ಣನ ಮಗುವಿನ ನಾಮಕರಣಕ್ಕೆಂದು ಕುಣಿಗಲ್ಲಿಗೆ ಹೋದಾಗ ಅದು ಅರ್ಧ ದಾಟಿತ್ತು.

ಆ ಮಧ್ಯಾಹ್ನ ಅತ್ತೆ ನಿದ್ದೆಹೋಗಿದ್ದಳು, ಮಗಳು ಸ್ಕೂಲಿನಲ್ಲಿದ್ದಳು. ಲಕ್ಷ್ಮೀದೇವಮ್ಮ ನೋಡುವುದಕ್ಕೆಂದೇ ಶಾಲನ್ನು ಹೊರಗೆ ತೆಗೆದಳು. ಭುಜದ ಮೇಲೆ ಹಾಕಿಕೊಂಡಳು. ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಂತಳು. ಆ ಬಣ್ಣ ಅವಳಿಗೆ ಒಪ್ಪಿತು. ಒಪ್ಪಿದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಕಡ್ಡಿಯನ್ನು ಸರಕ್ಕನೆ ಎಳೆದಳು. ಎಳೆಯ ತುದಿ ಹಿಡಿದು ಜಗ್ಗಿದಳು. ಸಾಲಿಗೆ ಸಾಲು ಕಿರಕಿರನೆ ಬಿಚ್ಚಿಕೊಂಡು ಬಂತು. ನಲವತ್ತು ಸಾಲಾಗುವವರೆಗೆ ಕೈ ನಿಲ್ಲಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿ ನೋಡಿದಳು. ಉಳಿದ ಕುಣಿಕೆಗಳನ್ನು ಕಡ್ಡಿಗೆ ಪೋಣಿಸಿ, ಎಲ್ಲ ಇದ್ದಲ್ಲಿ ಇಟ್ಟು, ಮುಖ ತೊಳೆದು ದೇವರ ಮುಂದೆ ನಿಂತಳು. ವಿಭೂತಿ ಇಟ್ಟುಕೊಂಡಳು.

ರೇವಮ್ಮ ಬಂದು ಟ್ರಂಕು ತೆರೆದಳು. ಶಾಲನ್ನು ಎತ್ತಿ ಹಿಡಿದಳು. ಗೇಣಿಟ್ಟು ಅಳೆದು ನೋಡಿದಳು. ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಲಕ್ಷ್ಮೀದೇವಮ್ಮ ಮೊರದಿಂದ ತಲೆಯೆತ್ತಲಿಲ್ಲ.

"ಇಲಿ ಬಂದಿತ್ತು ಅಂತ ಕಾಣ್ತದೆ ಕಣಕ್ಕಾ" ಎಂದಳು ರೇವಮ್ಮ ಕೊನೆಗೆ.

"ಇರಬೈದು. ಟ್ರಂಕು ಸರಿಯಾಗಿ ಮುಚ್ಚಿದ್ರೆ ತಾನೆ?"

"ಬಲೇ ಅಚ್ಚುಕಟ್ಟಿನ ಇಲಿ. ಎಳೆದ ದಾರಾನ ಉಂಡೆ ಸುತ್ತಿ ಇಟ್ಟೋಗದೆ ನೋಡು."

ಲಕ್ಷ್ಮೀದೇವಮ್ಮನ ಕೈ ಅಕ್ಕಿಯಲ್ಲಿಯೇ ನಿಂತಿತು. ಬಿಚ್ಚಿದ ಎಳೆಯನ್ನು ಸಿಕ್ಕುಸಿಕ್ಕಾಗಿ ಬಿಡುವುದು ಅವಳ ಕೈಯಲ್ಲಿ ಆಗದ ಕೆಲಸ. ತನಗೇ ತಿಳಿಯದಂತೆ ಸುತ್ತಿಟ್ಟಿದ್ದಳು, ನಿಂಬೆಹಣ್ಣಿನ ಹಾಗೆ ದುಂಡಗೆ. ರೇವಮ್ಮ ಆ ಉಂಡೆಯಿಂದಲೇ ಎಳೆ ಹಿಡಿದು ಮೊದಲ ಸಾಲು ಎತ್ತಿದಳು.

ಕ್ಷಮಿಸು ಎನ್ನಬೇಕೆಂದು ಲಕ್ಷ್ಮೀದೇವಮ್ಮನಿಗೆ ಅನ್ನಿಸದೆ ಇರಲಿಲ್ಲ. ಆದರೆ ಎದುರು ಮನೆಯಿಂದ ನವಿಲುಬಣ್ಣದ ಸೀರೆ ಹೊರಬಂದ ಕೂಡಲೆ ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಇಂದು ನಾಳೆ ಎನ್ನುವಷ್ಟರಲ್ಲಿ ಮಾಘ ಬಂತು. ರೇವಮ್ಮನಿಗೆ ಜ್ವರ ಹಿಡಿಯಿತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಒಂಬತ್ತನೆಯ ದಿನ ಕೆಂಪಯ್ಯ ಒಬ್ಬನೇ ನಡೆದು ಬಂದು ಜಗಲಿಯ ಕಂಬ ಹಿಡಿದು ನಿಂತ. ಯಾರೂ ಏನೂ ಕೇಳಬೇಕಾಗಿರಲಿಲ್ಲ. ಅವಳಿಗೆ ಮೂವತ್ತು ತುಂಬಿರಲಿಲ್ಲ. ಕೊಟ್ಟವನೇ ಕರೆಸಿಕೊಂಡ. ಏಕೆಂದು ಕೇಳಲು ನಮಗೆ ಬಾಯಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ನಿಂಗಮ್ಮ ಹಿರಿಯ ಸೊಸೆಯನ್ನು ಕರೆದು ಟ್ರಂಕನ್ನು ಅವಳ ಮುಂದೆ ನೂಕಿದಳು. "ಹೋದವಳ ಕೆಲಸ ಅರ್ಧಕ್ಕೆ ನಿಂತ್ರೆ ಅವಳಿಗೆ ನೆಮ್ಮದಿ ಇರಾಕಿಲ್ಲ. ಮುಗಿಸೋಳು ನೀನೊಬ್ಬಳೇ. ಮುಗಿಸಿ ಅವರವರಿಗೆ ಕೊಟ್ಬುಡು" ಎಂದಳು. ಕಣ್ಣೊರೆಸಿಕೊಂಡು, "ಎಡೆಯೂರು ಸಿದ್ಧಲಿಂಗಪ್ಪನಿಗೆ ಹೊತ್ತಿದ್ದ ಲಕ್ಷ ಬತ್ತಿಯೂ ಅದರೊಳಗೇ ಅದೆ. ನಂಗೆ ಟೈಫಾಯ್ಡ್ ಆದಾಗ ಹರಸ್ಕೊಂಡಿದ್ಳು" ಎಂದಳು.

ಟ್ರಂಕಿನಲ್ಲಿ ಹನ್ನೊಂದು ಕೆಲಸಗಳಿದ್ದವು. ಬತ್ತಿಯ ಡಬ್ಬಿಗಳು ಬೇರೆ. ಲಕ್ಷ್ಮೀದೇವಮ್ಮ ತನ್ನ ರೀತಿಯಲ್ಲೇ ಒಂದೊಂದಾಗಿ ಹಿಡಿದು ಮುಗಿಸುತ್ತ ಬಂದಳು. ಮೊಲಕ್ಕೆ ಮೈ ಬಂತು, ಕಾಲು ಬಂತು. ಮಗಳು ಅದನ್ನು ತೊಟ್ಟು ಕಿವಿಗಳನ್ನು ಮಾತ್ರ ಮುಟ್ಟಿ ಮುಟ್ಟಿ ನೋಡಿಕೊಂಡಳು. ಕಾಳಯ್ಯ ತನ್ನ ಸ್ವೆಟರನ್ನು ಎರಡು ಕೈಯಲ್ಲೂ ಇಸಿದುಕೊಂಡ. ಎದೆಯ ನಡುವೆ ಬೆರಳಿಟ್ಟ.

"ಇಲ್ಲೀಗಂಟ ರೇವಮ್ಮೋರು. ಇಲ್ಲಿಂದ ನೀವು. ಅಲ್ವರಾ?"

"ಎಂಗೆ ಗೊತ್ತಾಯ್ತು?"

"ಕಣ್ಣುಮುಚ್ಚಿ ಮುಟ್ಟಿದ್ರೂ ಗೊತ್ತಾಯ್ತದೆ" ಎಂದವನು ಕೆಳಗಿನ ಸಡಿಲ ಭಾಗವನ್ನು ಸವರಿದ. ಕಣ್ಣಲ್ಲಿ ನೀರಿತ್ತು. ಲಕ್ಷ್ಮೀದೇವಮ್ಮ ಒಳಗೆ ಬಂದುಬಿಟ್ಟಳು. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡುವ ತನ್ನಂಥವಳು ಯಾವ ದೇವರಿಗೆ ಬೇಕಾದಾಳು ಎಂದುಕೊಂಡಳು. ಆದರೂ ಪಟ್ಟಳು. ಮೇಲಿನ ಭಾಗವನ್ನು ಅವನು ಒಂದು ಸಲವೂ ಸವರಲಿಲ್ಲ.

ಕೊನೆಗೆ ಉಳಿದದ್ದು ಶಾಲು. ನರಸಿಂಹಮ್ಮನ ಶಾಲಿಗೆ ತಾನು ಒಂದು ಕುಣಿಕೆಯನ್ನೂ ಹಾಕಲಾರೆನೆಂದು ಅದನ್ನು ಹಾಗೆಯೇ ತೆಗೆದುಕೊಂಡು ಎದುರು ಮನೆಗೆ ಹೋದಳು. "ತಗೊಳಿ ಮೇಡಂ. ರೇವಮ್ಮ ನಿಮಗೆ ಹಾಕಿದ್ದು. ಬೇರೆ ಯಾರ ಹತ್ರ ಆದ್ರೂ ಮುಗಿಸ್ಕೊಳಿ."

ನರಸಿಂಹಮ್ಮ ಹೆದರಿದವಳಂತೆ ಕೈ ಹಿಂದೆ ಎಳೆದುಕೊಂಡಳು. "ನಂಗಾ? ಇಲ್ಲಾರೀ. ಉಲ್ಲನ್ ಮೈಗೆ ತಾಕಿದ್ರೆ ನಂಗೆ ಗಂಧೆ ಏಳ್ತದೆ. ರೇವಮ್ಮಂಗೆ ಗೊತ್ತಿತ್ತು. ಅದಕ್ಕೆ ನಂಗೆ ವೈರ್ ಬ್ಯಾಗ್ ಮುಗಿಸ್ಕೊಡ್ತೀನಿ ಅಂದಿದ್ರು. ನೀವೇ ಅಲ್ವಾ ಹಿಡಿ ಹಾಕ್ಕೊಟ್ಟಿದ್ದು?"

"ಈ ಬಟ್ಟೆ ನಿಮ್ಮ ಸೀರೇದಲ್ವಾ?"

ನರಸಿಂಹಮ್ಮ ಸೆರಗಿನ ಪಕ್ಕ ಚೂರನ್ನು ಹಿಡಿದಳು. ಸೀರೆ ನುಣುಪು. ಚೂರಿನಲ್ಲಿ ಎಳ್ಳಿನಷ್ಟು ಸಣ್ಣ ಬುಟ್ಟಾ ಇತ್ತು. "ನಂದಲ್ಲ" ಎಂದಳು.

ಹಾಗಾದರೆ ಯಾರದು? ಬೀದಿಯ ಸೀರೆಗಳನ್ನೆಲ್ಲ ಲಕ್ಷ್ಮೀದೇವಮ್ಮ ಒಂದು ತಿಂಗಳು ಕಣ್ಣಲ್ಲೇ ಜಾಲಾಡಿದಳು. ಎಲ್ಲಿಯೂ ಆ ಬುಟ್ಟಾ ಕಾಣಲಿಲ್ಲ.

ಮರುವರ್ಷದ ಯುಗಾದಿಯ ಹಿಂದಿನ ದಿನ ಬಟ್ಟೆ ಒಗೆಯುವಾಗ ಅವಳ ಬೂದಿ ರವಕೆಯ ಕಂಕುಳ ಹೊಲಿಗೆ ಬಿಟ್ಟುಕೊಂಡಿತು. ಮನೆಗೆಲಸಕ್ಕೆ ತೊಡುವ ಹಳೆಯ ರವಕೆ. ಬಿಸಿಲಿಗೂ ಸೋಡಾಕ್ಕೂ ಸಿಕ್ಕಿ ಬೂದಿಯಾಗಿತ್ತು. ಮೊದಲು ಯಾವ ಬಣ್ಣವಿತ್ತೆಂಬುದು ಅವಳಿಗೇ ಮರೆತುಹೋಗಿತ್ತು. ಒಣಗಿದ ಮೇಲೆ ಹೊಲಿಯಲೆಂದು ಒಳಮಗ್ಗುಲು ತಿರುವಿದಳು. ಹೊಲಿಗೆಯೊಳಗೆ ಮಡಿಸಿದ್ದ ಪಟ್ಟಿ ಬಿಸಿಲು ಕಂಡಿರಲಿಲ್ಲ. ಅದು ನವಿಲಿನ ಕತ್ತಿನಂತೆ ಹೊಳೆಯುತ್ತಿತ್ತು. ಅದರ ಮೇಲೆ ಎಳ್ಳಿನಷ್ಟು ಬುಟ್ಟಾ. ಪಟ್ಟಿಯ ಒಂದು ಕಡೆ ಕತ್ತರಿಯಲ್ಲಿ ಉಗುರಗಲ ಚೂರು ತೆಗೆದಿದ್ದರು.

ಎರಡು ವರ್ಷದ ಹಿಂದೆ ಆ ರವಕೆಯ ಕೊಕ್ಕೆ ಕಿತ್ತುಹೋಗಿತ್ತು. "ತಾ ಅಕ್ಕಾ, ನಾನು ಹಾಕ್ತೀನಿ" ಎಂದು ರೇವಮ್ಮ ಇಸಿದುಕೊಂಡಿದ್ದಳು. ಸಂಜೆಗೆ ಕೊಟ್ಟಿದ್ದಳು. ರೇವಮ್ಮ ಹಿಡಿದ ದಿನವೇ ಮುಗಿಸಿದ ಕೆಲಸ ಅದೊಂದೇ ಎಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದರು.

ಲಕ್ಷ್ಮೀದೇವಮ್ಮ ಶಾಲನ್ನು ತಂದು ಚೂರನ್ನು ಆ ಕತ್ತರಿಸಿದ ಜಾಗಕ್ಕೆ ಇಟ್ಟಳು. ಸರಿಯಾಗಿ ಕೂತಿತು. ಇಲಿಯ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಬಿಚ್ಚಿದವಳಾರೆಂದು ತಿಳಿದೂ ರೇವಮ್ಮ, ಶಾಲು ಅವಳಿಗೇ ಎಂದು ಹೇಳದೆ, ಅವಳು ಸುತ್ತಿದ ಉಂಡೆಯಿಂದಲೇ ಮತ್ತೆ ಹೆಣೆದಿದ್ದಳು. ಅದೇ ಬಿಸಿಲಿನಲ್ಲಿ ಕುಳಿತು ಲಕ್ಷ್ಮೀದೇವಮ್ಮ ಅತ್ತಳು. ತನ್ನ ತಾಯಿ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಕಾರ್ತಿಕದ ಹೊತ್ತಿಗೆ ಬತ್ತಿ ಲಕ್ಷವಾಯಿತು. ಎಡೆಯೂರಿನಲ್ಲಿ ಅತ್ತೆಯೂ ಕೆಂಪಯ್ಯನೂ ಪಕ್ಕದಲ್ಲಿದ್ದಾಗ ತುಪ್ಪದಲ್ಲಿ ನೆನೆಸಿ ಹಚ್ಚಿದರು. ಯಾವುದು ರೇವಮ್ಮ ಹೊಸೆದದ್ದು, ಯಾವುದು ತಾನು ಹೊಸೆದದ್ದು ಎಂದು ಅವಳು ಹುಡುಕಿ ನೋಡಿದಳು. ಉರಿಯುವಾಗ ಗೊತ್ತಾಗಲಿಲ್ಲ. ಸಿದ್ಧಲಿಂಗಪ್ಪನ ಮುಂದೆ ಒಮ್ಮೆಯಾದರೂ ತನ್ನ ಕೈಯೂ ಅವಳ ಕೈಯೂ ಒಂದಾದವಲ್ಲ ಎಂದು ಕೈಮುಗಿದಳು.

ಶಾಲಿನಲ್ಲಿ ಮಾತ್ರ ಒಂದಾಗಲಿಲ್ಲ. ಅವಳು ಹತ್ತು ಸಾಲು ಹೆಣೆದಳು. ಮೇಲಿನದು ಕೆನೆ, ಕೆಳಗಿನದು ಚಾಪೆ. ಬಿಚ್ಚಿದಳು. ಕಡ್ಡಿ ಬದಲಾಯಿಸಿದಳು, ಎಳೆಯನ್ನು ಬೆರಳಿಗೆ ಸುತ್ತದೆ ಹಿಡಿದಳು, ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಂಡಳು. ಮತ್ತೆ ಬಿಚ್ಚಿದಳು. ಎಂದಾದರೊಂದು ದಿನ ಮೂರು ಕುಣಿಕೆ ಸಡಿಲವಾಗಿ ಬೀಳುತ್ತಿದ್ದವು, ನಾಲ್ಕನೆಯದು ಬಿಗಿಯುತ್ತಿತ್ತು. ಮಗಳು ಹೈಸ್ಕೂಲಿಗೆ ಹೋದಳು. ಶಾಲು ಜಗಲಿಯಲ್ಲಿ ಅವಳ ಮಡಿಲಲ್ಲೇ ಇತ್ತು.

ಕಾಳಯ್ಯ ಒಂದು ಬೆಳಿಗ್ಗೆ ಎರಡು ಕೈಯ ಹೆಣಿಗೆ ಬಿದ್ದ ಆ ಸ್ವೆಟರ್ ತೊಟ್ಟು ಬಂದು ಸೈಕಲ್ ನಿಲ್ಲಿಸಿದ. ಕಾಗದವೇನೂ ಇರಲಿಲ್ಲ.

"ಏನ್ ಲಕ್ಷ್ಮೀದೇವಮ್ಮೋರೇ, ನೀವೂ ಹಿಂಗಾಗ್ಬುಟ್ರಾ! ಇನ್ನೂ ಮುಗೀಲಿಲ್ವಾ ಅದು?"

ಲಕ್ಷ್ಮೀದೇವಮ್ಮ ನವಿಲುಬಣ್ಣದ ಚೂರನ್ನು ಹೆಬ್ಬೆರಳಿನಿಂದ ಮಡಿಸಿ ಒಳಗೆ ಇಟ್ಟುಕೊಂಡಳು.

"ಇನ್ನೆರಡು ಸಾಲು ಕಣಪ್ಪಾ" ಎಂದಳು.