ನಾಶವೆಂಬ ಪದದ ಪುಟಗಳು

ನಾನು ಒಂದು ನೋಟ್‌ಬುಕ್. ಮಂಗಳೂರಿನ ಒಂದು ಅಚ್ಚುಕೂಟದ ಬೈಂಡಿಂಗ್ ಕೋಣೆಯಲ್ಲಿ ಹುಟ್ಟಿದೆ. ದೊಡ್ಡ ಪುಸ್ತಕಗಳು ಅಚ್ಚಾಗಿ ಉಳಿದ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿ, ದಪ್ಪ ದಾರದಲ್ಲಿ ಹೊಲಿದು, ಅಂಟು ಬಳಿದು, ಕಪ್ಪು ಬಟ್ಟೆಯ ರಟ್ಟು ಕಟ್ಟಿದರು. ನನ್ನ ಹಾಳೆಗಳೆಲ್ಲ ಒಂದೇ ಬಣ್ಣದವಲ್ಲ. ಕೆಲವು ಬಿಳಿ, ಕೆಲವು ತುಸು ಹಳದಿ. ಅಂಗಡಿಗೆ ಹೋಗುವಷ್ಟು ಚೆಲುವು ನನಗಿರಲಿಲ್ಲ. ಹೀಗಾಗಿ, ಧಾರವಾಡದಿಂದ ಪ್ರೂಫ್ ತಿದ್ದಲು ಬಂದಿದ್ದ ಮೇಷ್ಟರೊಬ್ಬರಿಗೆ ಅಲ್ಲಿನ ಫೋರ್‌ಮನ್ ನನ್ನನ್ನು ಸುಮ್ಮನೆ ಕೊಟ್ಟುಬಿಟ್ಟರು. ಅದು ೧೯೫೩ನೇ ಇಸವಿ.

ಅವರ ಹೆಸರು ಸತ್ಯಮಿತ್ರ ಹಂಚಿನಮನಿ. ಪಾದ್ರಿಗಳಾಗಲು ಬಂದವರಿಗೆ ಧಾರವಾಡದ ಒಂದು ಸಣ್ಣ ಸೆಮಿನರಿಯಲ್ಲಿ ಹೀಬ್ರೂ, ಗ್ರೀಕ್ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ವಿದ್ಯಾರ್ಥಿಗಳಲ್ಲಿ ತೆಲುಗರು, ಮರಾಠಿಗರು, ತಮಿಳರು ಇದ್ದುದರಿಂದ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದೇ ವರ್ಷ ಒಂದು ಸಮಿತಿಯವರು ಶಾಸ್ತ್ರದ, ಅಂದರೆ ಬೈಬಲ್ಲಿನ, ಮೂಲ ಪದಗಳಿಗೆ ಇಂಗ್ಲಿಷ್ ಅರ್ಥಕೋಶ ಮಾಡಲು ಹೊರಟು, ಊರೂರಿನ ಮೇಷ್ಟರುಗಳಿಗೆ ಪದಗಳನ್ನು ಹಂಚಿದರು. ಒಬ್ಬರಿಗೆ ಪ್ರೀತಿ, ಒಬ್ಬರಿಗೆ ಬೆಳಕು. ನಮ್ಮ ಅಯ್ಯನವರ ಪಾಲಿಗೆ ಬಂದದ್ದು ನಾಶ.

ಕಾಗದ ಓದಿ ಅವರ ಹೆಂಡತಿ ಕರುಣಾಬಾಯಿ ನಕ್ಕರು. "ನಿಮ್ಮ ಮಾರಿ ನೋಡೇ ಕೊಟ್ಟಾರ ತಗೋರಿ."

ಮುಖ ಗಂಟಿಕ್ಕಿಕೊಂಡೇ ಇರುತ್ತಿತ್ತು, ನಿಜ. ಆದರೆ ಅವರ ಪೆನ್ನು ನನ್ನ ಮೇಲೆ ಎಷ್ಟು ಹಗುರಾಗಿ ನಡೆಯುತ್ತಿತ್ತು! ಎಡಕ್ಕೆ ಹೀಬ್ರೂ ಅಥವಾ ಗ್ರೀಕ್ ಪದ, ನಡುವೆ ಇಂಗ್ಲಿಷ್, ಬಲ ಅಂಚಿನಲ್ಲಿ ತಮಗಾಗಿ ಎರಡು ಮಾತು ಕನ್ನಡ. ಬರೆಯುತ್ತಾ ಹೋದಂತೆ ಅವರಿಗೊಂದು ಸಂಕಟ ಶುರುವಾಯಿತು. ಮೂಲದಲ್ಲಿ ಹತ್ತಾರು ಬೇರೆ ಬೇರೆ ಪದಗಳಿದ್ದರೂ ಇಂಗ್ಲಿಷಿನವರು ಬಹಳ ಕಡೆ ಒಂದೇ ಪದ ಹಾಕಿ ಮುಗಿಸಿದ್ದರು. ಶಾಮಾದ್ ಎಂದರೆ ಗುರುತೇ ಉಳಿಯದಂತೆ ಅಳಿಸುವುದು. ಶಾಹಾತ್ ಎಂದರೆ ಕೆಡುವುದು. ಕುಂಬಾರನ ಕೈಯಲ್ಲಿ ಗಡಿಗೆ ಕೆಟ್ಟಾಗಲೂ ಅದೇ ಪದ, ಮತ್ತು ಆ ಮಣ್ಣಿನಿಂದ ಅವನು ಇನ್ನೊಂದು ಗಡಿಗೆ ಮಾಡುತ್ತಾನೆ. ಆಬಾದ್ ಎಂಬುದನ್ನು ಊರು ನಾಶವಾದರೂ ಹೇಳುತ್ತಾರೆ, ಯಾರದೋ ಕತ್ತೆಗಳು ತಪ್ಪಿಸಿಕೊಂಡು ಹೋದರೂ ಹೇಳುತ್ತಾರೆ. ಗ್ರೀಕಿನ ಅಪೊಲ್ಲೂಮಿಯೂ ಹಾಗೆಯೇ.

ಸೆಮಿನರಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಎಸ್ತೇರವ್ವ. ಬೆಟಗೇರಿಯ ನೇಕಾರರ ಮನೆಯವಳು, ವಿಧವೆ. ಆರು ವರ್ಷದ ಹಿಂದೆ ಅವಳ ಒಬ್ಬನೇ ಮಗ ಗಿದ್ಯೋನ, ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗುತ್ತೇನೆಂದು ಜಗಳವಾಡಿ ಮನೆ ಬಿಟ್ಟಿದ್ದ. ಒಂದು ಕಾಗದವಿಲ್ಲ, ಸುದ್ದಿಯಿಲ್ಲ. ಅವಳು ಅವನ ಹೆಸರನ್ನು ಯಾರೆದುರಿಗೂ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಹೊರಗಿನಿಂದ ಬಂದ ಇಂಗ್ಲಿಷ್ ಪ್ರಸಂಗಿಯೊಬ್ಬರು ಉಪದೇಶ ಮಾಡಿದರು. ಪಕ್ಕದಲ್ಲಿ ನಿಂತು ಕನ್ನಡ ಮಾಡುತ್ತಿದ್ದವರು ನಮ್ಮ ಅಯ್ಯನವರು. ನಾನು ಅವರ ಕಂಕುಳಲ್ಲಿದ್ದೆ. ದೇವರ ಮನೆ ಬಿಟ್ಟು ಹೋದವರ ಗತಿ ಏನೆಂದು ಪ್ರಸಂಗಿ ಗಟ್ಟಿಯಾಗಿ ಹೇಳಿದರು. ಅಯ್ಯನವರು ಅಷ್ಟೇ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದರು: "ಅವರು ನಾಶವಾದರು."

ಹಿಂದಿನ ಸಾಲಿನಲ್ಲಿ ಎಸ್ತೇರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಅಂದು ಮಧ್ಯಾಹ್ನ ಅಡುಗೆಮನೆಯ ಒಲೆ ಹೊತ್ತಲಿಲ್ಲ.

ಅಯ್ಯನವರು ನನ್ನನ್ನು ಹಿಡಿದುಕೊಂಡೇ ಅಲ್ಲಿಗೆ ಹೋದರು. ಅವಳು ಹಿಟ್ಟಿನ ಡಬ್ಬಿಗೆ ಒರಗಿ ಕೂತಿದ್ದಳು.

"ನನ್ನ ಬಾಯಿಂದ ತಪ್ಪು ಬಂತು, ಎಸ್ತೇರವ್ವ," ಎಂದರು. "ಅವರು ಹೇಳಿದ ಇಂಗ್ಲಿಷ್ ಮಾತಿನ ಹಿಂದ ಗ್ರೀಕ್ ಪದ ಒಂದದ. ಅದನ್ನ ನಾ ದಿನಾ ಬರೀತೀನಿ. ಅದರ ಅರ್ಥ ಕಳೆದುಹೋಗೂದು ಅಂತನೂ ಆಗ್ತದ. ಕುರಿ ಕಳೀತು ಅಂತೀವಲ್ಲ, ಅದೇ ಪದ."

"ನಿಮ್ಮ ಬಾಯಿ ಏನ್ ಮಾಡೀತ್ರಿ, ಅಯ್ನೋರ," ಎಂದಳು ಅವಳು. "ನಾನೇ ಅಂದಿದ್ದೆ ಅವಂಗ. ಹಾಳಾಗಿ ಹೋಗು ಅಂತ. ಹೊಸ್ತಿಲದಾಗ ನಿಂತು ಅಂದಿದ್ದೆ."

ಅಯ್ಯನವರು ಅವಳೆದುರು ನೆಲದ ಮೇಲೆ ಕೂತರು.

"ಖರೆ ಹೇಳ್ರಿ. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಆ ಪದಕ್ಕ ನಾಶ ಅನ್ನೂ ಅರ್ಥ ಇಲ್ಲೇನು?"

ಅವರು ನನ್ನನ್ನು ತೆರೆದು ಪುಟ ನೋಡಿದರು. ನೋಡುವ ಅಗತ್ಯವೇನೂ ಇರಲಿಲ್ಲ. ಸುಳ್ಳು ಹೇಳುವ ಆಸೆಯನ್ನು ತಡೆದುಕೊಳ್ಳಲು ನೋಡಿದರೆಂದು ನನಗೆ ಗೊತ್ತು. "ಅದ," ಎಂದರು. "ಅದೂ ಅದ."

ಎಸ್ತೇರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು: "ಹಂಗಾರ ಎರಡೂ ಬರೀರಿ. ಆದ್ರ ಮೊದಲ ಕಳದದ್ದು ಅಂತ ಬರೀರಿ. ಕಳದದ್ದನ್ನ ಹುಡುಕತಾರ. ಹುಡುಕಿ ಆದಮ್ಯಾಲೆ ಬೇಕಾದ್ರ ನಾಶ ಅನ್ರಿ."

ಅಯ್ಯನವರು ಅಲ್ಲೇ, ಒಲೆಯ ಕಟ್ಟೆಯ ಮೇಲೆ ನನ್ನನ್ನಿಟ್ಟು, ಆ ಪದದ ಇಂಗ್ಲಿಷ್ ಅರ್ಥಗಳನ್ನು ಹಿಂದುಮುಂದು ಮಾಡಿ ಬರೆದರು.

ಬೇಸಿಗೆ ರಜೆಯಲ್ಲಿ ಇಬ್ಬರೂ ಸೊಲ್ಲಾಪುರಕ್ಕೆ ಹೊರಟರು. ಅಲ್ಲಿನ ಬಟ್ಟೆ ಗಿರಣಿಯಲ್ಲಿ ಗಿದ್ಯೋನನಂತಹವನನ್ನು ಕಂಡೆನೆಂದು ಬೆಟಗೇರಿಯ ನೇಕಾರನೊಬ್ಬ ಎಂದೋ ಹೇಳಿದ್ದ. ರೈಲಿನಲ್ಲಿ ನಾನು ಅಯ್ಯನವರ ಕೈಚೀಲದಲ್ಲಿದ್ದೆ, ಎಸ್ತೇರವ್ವನ ರೊಟ್ಟಿಯ ಗಂಟಿನ ಪಕ್ಕದಲ್ಲಿ. ಎರಡು ದಿನ ಗಿರಣಿಗಳ ಬಾಗಿಲಿಂದ ಬಾಗಿಲಿಗೆ ಅಲೆದರು. ಅಯ್ಯನವರು ತಮ್ಮ ಪುಸ್ತಕದ ಮರಾಠಿಯಲ್ಲಿ ವಿಚಾರಿಸುವರು, ಕಾವಲುಗಾರರು ನಗುವರು. ಮೂರನೆಯ ದಿನ ಮಧ್ಯಾಹ್ನ ಪಾಳಿ ಬದಲಾಗುವಾಗ, ಹೊರಬರುತ್ತಿದ್ದ ನೂರಾರು ಜನರೊಳಗೆ ಎಸ್ತೇರವ್ವ ನಡಿಗೆಯಿಂದಲೇ ಅವನ ಗುರುತು ಹಿಡಿದಳು.

ಅವನು ಕಲ್ಲಿನಂತೆ ನಿಂತ. ಅವಳು ಹೋಗಿ ಅವನ ಎದೆಗೆ ಗುದ್ದಿದಳು. "ಆರು ವರ್ಷ! ಒಂದು ಕಾರ್ಡ್ ಬರಿಯಾಕ ನಿನಗ ಕೈ ಇರಲಿಲ್ಲೇನೋ?"

ಗಿದ್ಯೋನ ಬಲಗೈ ಮುಂದೆ ಚಾಚಿದ. ಅದರಲ್ಲಿ ಮೂರು ಬೆರಳುಗಳಿರಲಿಲ್ಲ. "ಇರಲಿಲ್ಲ ಯವ್ವಾ," ಎಂದ. "ಮಷೀನಿಗೆ ಹೋತು. ಮತ್ತೊಬ್ಬರ ಕಡಿಂದ ಬರಸಾಕ ನಾಚಿಕಿ ಬಂತು."

ಎಸ್ತೇರವ್ವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಅಯ್ಯನವರು ಮುಖ ತಿರುಗಿಸಿ ಗಿರಣಿಯ ಚಿಮಣಿ ನೋಡುತ್ತಾ ನಿಂತರು.

ಗಿದ್ಯೋನ ಊರಿಗೆ ಬರಲಿಲ್ಲ. ಅವನ ಹೆಂಡತಿ ಯಮುನಾ, ಒಂದು ಹೆಣ್ಣುಕೂಸು, ಅವನ ಬದುಕೆಲ್ಲ ಅಲ್ಲಿತ್ತು. ಎಸ್ತೇರವ್ವನೇ ಅಲ್ಲಿ ಉಳಿದಳು. ಅಯ್ಯನವರು ಒಬ್ಬರೇ ಮರಳಿದರು. ಸೆಮಿನರಿಯ ಸಾರು ಅಂದಿನಿಂದ ಕೆಟ್ಟುಹೋಯಿತೆಂದು ಎಲ್ಲರೂ ಗೊಣಗಿದರು. ಅಯ್ಯನವರು ಮಾತ್ರ ನಗುತ್ತಾ ಉಂಡರು. ಎರಡು ತಿಂಗಳಿಗೊಮ್ಮೆ, ಎಡಗೈಯಲ್ಲಿ ಬರೆದ ಡೊಂಕು ಅಕ್ಷರದ ಕಾರ್ಡ್ ಬರುತ್ತಿತ್ತು. ಅವರು ಅದನ್ನು ನನ್ನ ಹಾಳೆಗಳ ನಡುವೆ ಇಡುತ್ತಿದ್ದರು. ಕಾರ್ಡುಗಳಿಂದ ನನ್ನ ಹೊಟ್ಟೆ ಉಬ್ಬಿತು. ಆ ದಿನಗಳಷ್ಟು ಸುಖ ನಾನು ಮತ್ತೆ ಕಾಣಲಿಲ್ಲ.

ಅರ್ಥಕೋಶ ಅಚ್ಚಾಗಿ ಬಂತು. ಸಮಿತಿಯವರು ಆ ಪದಕ್ಕೆ ನಾಶ ಎಂಬರ್ಥದ ಇಂಗ್ಲಿಷ್ ಪದವನ್ನೇ ಮೊದಲು ಹಾಕಿ, ಕಳೆದುಹೋಗುವುದನ್ನು ಕೊನೆಗೆ ತಳ್ಳಿದ್ದರು. ಅಯ್ಯನವರು ಮೂರು ಕಾಗದ ಬರೆದರು. ಬಂದ ಉತ್ತರ ಒಂದೇ: ಎಲ್ಲ ಕೋಶಗಳಲ್ಲಿಯೂ ಕ್ರಮ ಹೀಗೆಯೇ ಇದೆ. ಅಂದಿನಿಂದ ಪ್ರತಿ ಜೂನ್‌ನ ಮೊದಲ ಪಾಠದಲ್ಲಿ ಅವರು ವಿದ್ಯಾರ್ಥಿಗಳ ಪ್ರತಿಗಳನ್ನೆಲ್ಲ ಇಸಿದುಕೊಂಡು, ಆ ಪುಟ ತೆರೆದು, ತಮ್ಮ ಕೈಯಾರೆ ತಿದ್ದಿ ಕೊಡುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೆ ಮಾಡಿದರು.

ಅವರು ತೀರಿಕೊಂಡ ಮೇಲೆ ಕರುಣಾಬಾಯಿ ನನ್ನನ್ನು ಮೃದುಲಾ ಸಾಲಿನ್ಸ್ ಎಂಬ ವಿದ್ಯಾರ್ಥಿನಿಗೆ ಕೊಟ್ಟರು. ಉಡುಪಿ ಕಡೆಯವಳು, ಅಯ್ಯನವರ ಗ್ರೀಕ್ ತರಗತಿಗೆ ಬಂದ ಮೊದಲ ಹೆಣ್ಣುಮಗಳು. "ಇದರಾಗ ಅವರ ಧ್ವನಿ ಅದವ್ವಾ, ಇಟ್ಕೋ," ಎಂದರು. ಹೀಗೆ ನಾನು ಹುಟ್ಟಿದ ಮಂಗಳೂರಿಗೇ ಮರಳಿದೆ. ಮೃದುಲಾ ಅಲ್ಲಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ನನ್ನನ್ನು ಮುಂದಿಟ್ಟುಕೊಂಡು ಪಾಠ ಮಾಡಿದಳು. ಸೆಕೆಗೆ ನನ್ನ ಅಂಟು ಬಿಟ್ಟಿತು. ಹುಳು ಅಂಚುಗಳನ್ನು ತಿಂದಿತು. ಶಾಮಾದ್ ಇದ್ದ ಪುಟದ ಅರ್ಧವೇ ಈಗಿಲ್ಲ.

ನಿವೃತ್ತಿಯ ದಿನ ಮೃದುಲಾ ನನ್ನನ್ನು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಲು ತಂದಳು. ಗ್ರಂಥಪಾಲಕ ವಸಂತ ಕುಂದರ್ ನನ್ನನ್ನು ತಿರುಗಿಸಿ ನೋಡಿ ಹೇಳಿದ: "ಇದು ಪೂರಾ ಹಾಳಾಗಿದೆಯಲ್ಲ ಮೇಡಂ."

"ಹಾಳಾದದ್ದಲ್ಲ ಮಾರಾಯಾ," ಎಂದಳು ಮೃದುಲಾ. "ಒಂದು ನಿಮಿಷ ಕೊಡು ಇಲ್ಲಿ."

ಕೊನೆಯ ಖಾಲಿ ಹಾಳೆ ತೆರೆದು, ಅಯ್ಯನವರು ಸೇರಿಸದೆ ಬಿಟ್ಟಿದ್ದ ಒಂದು ಹೀಬ್ರೂ ಪದ ಬರೆದಳು: ಬಾಲಾ. ಎದುರಿಗೆ ಅದರ ಇಂಗ್ಲಿಷ್. ಬಲ ಅಂಚಿನಲ್ಲಿ ಕನ್ನಡ: ಸವೆಯುವುದು.

ಈಗ ನಾನು ಗಾಜಿನ ಬೀರುವಿನಲ್ಲಿ ಮಲಗಿದ್ದೇನೆ. ವರ್ಷಕ್ಕೆ ಒಬ್ಬರೋ ಇಬ್ಬರೋ ತೆರೆಯುತ್ತಾರೆ. ಬೇಸರವಿಲ್ಲ. ಇಷ್ಟು ಪದಗಳನ್ನು ಹೊತ್ತ ನನಗೆ ನನ್ನದೇ ಆದ ಪದವೊಂದು ಕಡೆಗೆ ಸಿಕ್ಕಿತು. ಉಟ್ಟು ಉಟ್ಟು ಸವೆದ ಬಟ್ಟೆಗೆ, ನಡೆದು ನಡೆದು ಸವೆದ ಚಪ್ಪಲಿಗೆ ಶಾಸ್ತ್ರ ಆ ಪದವನ್ನೇ ಬಳಸುತ್ತದಂತೆ. ಮೃದುಲಾ ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದಾಳೆ: ಶಾಸ್ತ್ರದ ಮೊದಲ ಪುಸ್ತಕದಲ್ಲಿ, ತನಗೆ ಮಗು ಹುಟ್ಟುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗ ತೊಂಬತ್ತರ ಹತ್ತಿರದ ಮುದುಕಿಯೊಬ್ಬಳು ತನ್ನ ಬಗ್ಗೆ ಇದೇ ಪದ ಹೇಳಿಕೊಂಡಳು, ಹೇಳುವಾಗ ಒಳಗೊಳಗೇ ನಗುತ್ತಿದ್ದಳು; ಮರುವರ್ಷ ಅವಳಿಗೆ ಮಗು ಹುಟ್ಟಿತು.