ಹರಿಯದ ಅರ್ಜಿ

ವಳಕಮದಿನ್ನಿಯ ಗದ್ದೆಪ್ಪನ ಮೂರು ಎಕರೆ ಗದ್ದೆಗೆ ಉಪಕಾಲುವೆಯ ಕಟ್ಟಕಡೆಯ ತೂಬಿನಿಂದ ನೀರು ಬರಬೇಕಿತ್ತು. ಮೇಲಿನವರ ಗದ್ದೆಗಳು ತುಂಬಿ, ಉಳಿದದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಕಾಲುವೆ ಬರೀ ಒದ್ದೆಯಾಗಿರುತ್ತಿತ್ತು. ವಾರಕ್ಕೆ ಎರಡು ದಿನ ಮೇಲಿನ ತೂಬುಗಳನ್ನು ಮುಚ್ಚಿಸಿ ಎಂದು ಅವನು ನೀರು ಬಳಕೆದಾರರ ಸಂಘಕ್ಕೆ ಮೂರು ಅರ್ಜಿ ಕೊಟ್ಟಿದ್ದ. ತಾನೂ ಮೇಲಿನ ಗದ್ದೆಯವನೇ ಆದ ಅಧ್ಯಕ್ಷ ಅಮರಗುಂಡಪ್ಪ ಮೂರನ್ನೂ ಓದದೆ ಎಲ್ಲರೆದುರೇ ಹರಿದು ಬುಟ್ಟಿಗೆ ಹಾಕಿದ್ದ. ಹರಿಯುವುದರಲ್ಲಿ ಆತನಿಗೊಂದು ಶೈಲಿಯಿತ್ತು: ಕಿರುಬೆರಳು ಮೇಲೆತ್ತಿ, ಆಡುತ್ತಿದ್ದ ಮಾತು ನಿಲ್ಲಿಸದೆ ಹರಿಯುತ್ತಿದ್ದ.

ಒಂದು ರವಿವಾರ ಗದ್ದೆಪ್ಪ ಹೆಂಡತಿ ಜೋಗಮ್ಮನೊಂದಿಗೆ ಸಿಂಧನೂರಿಗೆ, ಮಗಳು ಅಂಬಿಕಾಳ ಮನೆಗೆ ಬಂದ. ಅಂಬಿಕಾ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿದ್ದಳು. ಅವಳ ಅಡುಗೆಮನೆಯ ತುಂಬ ಅಗಲವಾದ ಟ್ರೇಗಳು. ತೆಂಗಿನ ನೀರಿಗೆ ಸಕ್ಕರೆ, ಹುಳಿ ಬೆರೆಸಿ ಅದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸಾಕಿದ್ದಳು. ಹತ್ತು ದಿನದಲ್ಲಿ ಅವು ನೀರಿನ ಮೇಲೆ ಬೆಳ್ಳಗಿನ ದಪ್ಪ ಪದರ ನೇಯುತ್ತಿದ್ದವು. ಹಿಂದಿನ ಸಲ ಬಂದಾಗ ಜೋಗಮ್ಮ ಅದನ್ನು ಕೆನೆಯೆಂದು ತಿಳಿದು, ಬೆಣ್ಣೆ ಬರಲೆಂದು ಅರ್ಧ ದಿನ ಕಡೆದಿದ್ದಳು.

ಅಂಬಿಕಾ ಆ ಪದರವನ್ನು ಸೋಡಾಪುಡಿಯ ನೀರಿನಲ್ಲಿ ಕುದಿಸಿ, ಮಿಕ್ಸರಿನಲ್ಲಿ ಅರೆದು, ಭತ್ತದ ಹುಲ್ಲಿನ ತಿರುಳಿಗೆ ಕಲಸಿ ಕಾಗದ ಮಾಡುತ್ತಿದ್ದಳು. ಬರೀ ಹುಲ್ಲಿನ ಕಾಗದ ಹಪ್ಪಳದಂತೆ ಮುರಿಯುತ್ತಿತ್ತು. ಇದು ಬೆರೆತ ಮೇಲೆ ಬಂದ ಮೊದಲ ಒಳ್ಳೆಯ ಹಾಳೆ ಅಂದು ಹಗ್ಗದ ಮೇಲಿತ್ತು. ಮರುದಿನ ಅದನ್ನು ಲಿಂಗಸುಗೂರಿನ ವಿಜ್ಞಾನ ಪ್ರದರ್ಶನಕ್ಕೆ ಒಯ್ಯಬೇಕಿತ್ತು.

ಅವಳು ಸ್ನಾನ ಮುಗಿಸಿ ಬಂದಾಗ ಹಗ್ಗ ಖಾಲಿ.

"ಯವ್ವಾ, ನನ್ನ ಹಾಳಿ ಎಲ್ಲಿ? ಅಪ್ಪ ಎಲ್ಲ್ಯಾನ?"

"ಬಿಳಿ ಹಾಳಿ ಸಿಗಲಿಲ್ಲಂತ ಅದರ ಮ್ಯಾಲೇ ಅರ್ಜಿ ಬರಕೊಂಡು, ಇಲ್ಲೇ ಸಂಘದ ಆಫೀಸಿನಾಗ ಇವತ್ತ ಸಭಾ ಐತಂತ ಹೋಗ್ಯಾನ," ಎಂದಳು ಜೋಗಮ್ಮ.

ಅಂಬಿಕಾ ಒದ್ದೆ ಕೂದಲಲ್ಲೇ ಸ್ಕೂಟರ್ ಏರಿದಳು.

ಅವಳು ಸಂಘದ ಬಾಗಿಲಿಗೆ ಬಂದಾಗ ಹತ್ತಾರು ರೈತರು ಚಹಾ ಕುಡಿಯುತ್ತಿದ್ದರು. ಅಮರಗುಂಡಪ್ಪ ಕಿರುಬೆರಳು ಎತ್ತಿ ಹಾಳೆಯನ್ನು ಎಳೆದ. ಅದು ಹರಿಯಲಿಲ್ಲ. ಮುಗುಳ್ನಕ್ಕು ಮತ್ತೊಮ್ಮೆ ಎಳೆದ. ಮಾತು ನಿಂತಿತು. ಕಿರುಬೆರಳೂ ಇಳಿದು ಕೆಲಸಕ್ಕೆ ಹತ್ತಿತು. ಎದ್ದು ನಿಂತು ತಿರುಚಿದ. ಹೆಗಲಿನ ಟವೆಲ್ ಜಾರಿಬಿತ್ತು.

"ಕತ್ತರಿ ಕೊಡ್ಲೇನ್ರಿ?" ಎಂದ ಕಾರ್ಯದರ್ಶಿ ಗೋಪಣ್ಣ.

"ನಾ ಏನ್ ದರ್ಜಿ ಏನಲೇ?" ಎಂದು ಅಧ್ಯಕ್ಷ ಹಾಳೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿದ. ಹಾಳೆ ಹೊರಬಂತು. ಅದರೊಂದಿಗೆ ಮೇಲಿನ ಹಲ್ಲುಸೆಟ್ಟೂ ಬಂದು ಅಂಚಿಗೆ ನೇತಾಡಿತು.

ಮೊದಲು ನಕ್ಕವರು ಚಹಾದ ಲೋಟ ಹಿಡಿದಿದ್ದ ರೈತ ಹಸನ್‌ಸಾಬ್. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

"ಇದು ಕಾಗದ ಅಲ್ಲ, ಫ್ಲಾಫ್ಟಿಕ್ಕು!" ಎಂದು ಅಮರಗುಂಡಪ್ಪ ಕೂಗಿದ.

"ಕಾಗದನ ರೀ," ಅಂಬಿಕಾ ಒಳಬಂದಳು. "ಬ್ಯಾಕ್ಟೀರಿಯಾ ನೇಯ್ದ ಎಳಿ ಹುಲ್ಲಿನ ಎಳಿಗಳ ನಡುವ ಹೊಕ್ಕು ಬಿಗಿ ಹಿಡದಾವ. ಹಂಗಾಗಿ ಹರಿಯಂಗಿಲ್ಲ."

ಅಧ್ಯಕ್ಷನ ಮುಖ ಬಿಳಿಚಿತು. "ಬ್ಯಾಕ್ಟೀರಿಯಾ? ಬಾಯಾಗ ಹಾಕ್ಕೊಂಡ್ನಲ್ಲವ್ವಾ!"

"ಕುದಿಸೀನ್ರಿ. ಏನೂ ಆಗಂಗಿಲ್ಲ."

ಅವನು ನಂಬಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಬಗ್ಗಿ ಬಾಯಿ ತೊಳೆಯತೊಡಗಿದ. ಗದ್ದೆಪ್ಪ ತಂಬಿಗೆ ತುಂಬಿ ತುಂಬಿ ಕೊಟ್ಟ. "ಮುಕ್ಕಳಿಸ್ರಿ ಸಾವ್ಕಾರ್ರ. ನಿಮ್ಮ ಕಡಿ ನೀರು ಬಾಳ ಐತಿ."

ಅಷ್ಟರಲ್ಲಿ ಗೋಪಣ್ಣ ನಗೆಯ ಗುಂಗಿನಲ್ಲೇ ಅರ್ಜಿಯನ್ನು ಗಟ್ಟಿಯಾಗಿ ಓದಿಬಿಟ್ಟ. 'ಈ ಹಿಂದೆ ಮೂರು ಸಲ ಕೊಟ್ಟ ಅರ್ಜಿಗಳನ್ನು ತಾವು ಹರಿದಿದ್ದರಿಂದ' ಎಂಬ ಸಾಲು ಬಂದಾಗ ಅಂಬಿಕಾ ತಂದೆಯ ಕಡೆ ನೋಡಿದಳು. ಪ್ರತಿ ಸಲವೂ ಅವನು "ಕೊಟ್ಟು ಬಂದೀನವ್ವಾ, ನೋಡ್ತೀನಿ ಅಂದಾರ" ಎಂದಷ್ಟೇ ಹೇಳಿದ್ದ. ಹಾಳೆ ಕೇಳಲು ಬಂದವಳು ಅದನ್ನು ಗೋಪಣ್ಣನ ಕೈಯಲ್ಲೇ ಬಿಟ್ಟಳು.

"ಇದರಾಗ ತಪ್ಪೇನೈತ್ರಿ?" ಎಂದರು ಹಸನ್‌ಸಾಬ್. ಅವರದು ಮೇಲಿನ ತೂಬು. "ಎರಡು ದಿನ ಮುಚ್ಚಿದ್ರ ನನ್ನ ಗದ್ದಿ ಏನ್ ಒಣಗಂಗಿಲ್ಲ." ಮತ್ತಿಬ್ಬರು ಹೌದೆಂದರು.

ಹಲ್ಲು ಕೂರಿಸಿಕೊಂಡ ಅಮರಗುಂಡಪ್ಪ ಯಾರ ಮುಖವನ್ನೂ ನೋಡದೆ ಸಹಿ ಹಾಕಿದ. "ಎರಡ ದಿನ. ಮೂರನೇದು ಕೇಳಬ್ಯಾಡ."

ಗದ್ದೆಪ್ಪ ಸ್ಕೂಟರಿನ ಹಿಂದೆ ಕುಳಿತ. "ನಿನ್ನ ಹಾಳಿ ಅವರ ಫೈಲಿನಾಗ ಹೋತು. ತಪ್ಪಾತವ್ವಾ," ಎಂದ.

"ಇನ್ನೊಂದು ಮಾಡ್ತೀನಿ ಬಿಡಪ್ಪ," ಎಂದಳು ಅಂಬಿಕಾ.

ಲಿಂಗಸುಗೂರಿಗೆ ಉಳಿದ ತಿರುಳಿನಿಂದ ಮಾಡಿದ ಅಂಗೈಯಗಲದ ತುಣುಕು ಒಯ್ದಳು, ಬಹುಮಾನ ಬರಲಿಲ್ಲ. ಮೇಲಿನ ತೂಬುಗಳನ್ನು ಮುಚ್ಚಿದ ಮೊದಲ ದಿನ, ಗುರುವಾರ, ಕಾಲೇಜಿಗೆ ರಜೆ ಹಾಕಿ ವಳಕಮದಿನ್ನಿಗೆ ಹೋದಾಗ, ತಂದೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಡಿಯಿಂದ ಮಡಿಗೆ ನೀರು ತಿರುವುತ್ತಿದ್ದ. ಅಂಬಿಕಾ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನಿಂದ ಕೆಳಗಿಳಿದಳು.